ಬೆಂಚಿನ ಹಿಂದಿನ ಎರಡನೇ ಮನುಷ್ಯ: ಕಾಲೇಜು ಐಸ್ ಹಾಕಿಯ ಸಹಾಯಕ ಕೋಚ್ ಏನ್ ಮಾಡ್ತಾರೆ?



ನಮ್ಮ ಕಡೆ ಹಾಕಿ ಅಂದ್ರೆ ಮೊದಲು ನೆನಪಾಗೋದು ಕೊಡಗು. ಇವತ್ತು ನಾನು ಮಾತಾಡೋದು ಬೇರೆ ಹಾಕಿ ಬಗ್ಗೆ. ಮಂಜಿನ ಮೇಲೆ, ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಅಮೆರಿಕದ ಕಾಲೇಜುಗಳಲ್ಲಿ ಆಡೋ ಐಸ್ ಹಾಕಿ. ಅದರಲ್ಲೂ ಆಟಗಾರರ ಕತೆಯಲ್ಲ, ಸಹಾಯಕ ಕೋಚ್ ಕತೆ.

ಒಂದು ಪಂದ್ಯದಿಂದ ಶುರು ಮಾಡ್ತೀನಿ. 2009ರ ಏಪ್ರಿಲ್, ವಾಷಿಂಗ್ಟನ್ ನಗರ, ರಾಷ್ಟ್ರೀಯ ಕಾಲೇಜು ಫೈನಲ್. ಓಹಾಯೊದ ಮಯಾಮಿ ವಿಶ್ವವಿದ್ಯಾಲಯ 3-1ರಿಂದ ಮುಂದಿದೆ. ಉಳಿದಿರೋದು ಒಂದೇ ನಿಮಿಷ. ಬಾಸ್ಟನ್ ವಿಶ್ವವಿದ್ಯಾಲಯದವರು ತಮ್ಮ ಗೋಲ್‌ಕೀಪರನ್ನೇ ಹೊರಗೆ ಕರೆಸಿಕೊಂಡು, ಆ ಜಾಗಕ್ಕೆ ಇನ್ನೊಬ್ಬ ದಾಳಿಗಾರನನ್ನ ಇಳಿಸಿದ್ದರು. ಗೋಲು ಖಾಲಿ, ಎದುರಾಳಿ ದೂರದಿಂದ ತಳ್ಳಿದರೂ ಕತೆ ಮುಗೀತು. ಆದರೆ ಆ ಒಂದು ನಿಮಿಷದಲ್ಲಿ ಎರಡು ಗೋಲು ಬಂತು. ಎರಡನೆಯದು ಬಂದಾಗ ಗಡಿಯಾರದಲ್ಲಿ ಇದ್ದಿದ್ದು 17.4 ಸೆಕೆಂಡು. ಹೆಚ್ಚುವರಿ ಅವಧಿಯಲ್ಲಿ ಬಾಸ್ಟನ್ 4-3ರಿಂದ ಗೆದ್ದಿತು. ಆ ವಿಡಿಯೊ ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ.

ಮುಖ್ಯ ಕೋಚ್ ಜಾಕ್ ಪಾರ್ಕರ್ ಅವರಿಗೆ ಅದು ಮೂರನೇ ಕಿರೀಟ. ಅದೇ ಬೆಂಚಿನ ಹಿಂದೆ ಐದು ವರ್ಷಗಳಿಂದ ನಿಂತಿದ್ದ ಇನ್ನೊಬ್ಬರ ಹೆಸರು ಡೇವಿಡ್ ಕ್ವಿನ್. ಪಾರ್ಕರ್ ಅವರ ಮುಖ್ಯ ಸಹಾಯಕ.

ಕ್ವಿನ್ ಕೋಚ್ ಆಗಬೇಕು ಅಂತ ಹೊರಟವರೇ ಅಲ್ಲ. 1984ರಲ್ಲಿ ಮಿನ್ನೆಸೋಟಾದ ಎನ್‌ಎಚ್‌ಎಲ್ ತಂಡ ಅವರನ್ನ ಮೊದಲ ಸುತ್ತಿನಲ್ಲೇ, 13ನೆಯವರಾಗಿ ಆರಿಸಿಕೊಂಡಿತ್ತು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ರಕ್ಷಣಾ ಆಟಗಾರ. ಕಾಲೇಜಿನಲ್ಲಿ ಇರುವಾಗಲೇ ಒಂದು ಕಾಯಿಲೆ ಪತ್ತೆಯಾಯ್ತು: ಹಿಮೊಫಿಲಿಯಾ ಬಿ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂಬತ್ತನೇ ಅಂಶ ದೇಹದಲ್ಲಿ ಸಾಕಷ್ಟು ಇರಲ್ಲ. ಇದಕ್ಕೆ 'ಕ್ರಿಸ್ಮಸ್ ಕಾಯಿಲೆ' ಅಂತಾನೂ ಹೆಸರಿದೆ. ಹಬ್ಬಕ್ಕೂ ಇದಕ್ಕೂ ಸಂಬಂಧವಿಲ್ಲ, 1952ರಲ್ಲಿ ವಿವರಿಸಲಾದ ರೋಗಿಯ ಮನೆತನದ ಹೆಸರು ಕ್ರಿಸ್ಮಸ್, ಅಷ್ಟೆ. ಮೈಗೆ ಮೈ ಡಿಕ್ಕಿ ಹೊಡೆಯೋದೇ ಆಟದ ಭಾಗವಾಗಿರೋ ಕಡೆ ಈ ಕಾಯಿಲೆ ಇಟ್ಕೊಂಡು ಆಡೋದು ಹೇಗೆ? ಮುಂದೆ ಔಷಧಿಯ ನೆರವಿನಿಂದ ಮತ್ತೆ ಆಡಲು ಪ್ರಯತ್ನಿಸಿದರು. ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ.

ಆಮೇಲೆ ಹಿಡಿದಿದ್ದೇ ಸಹಾಯಕನ ದಾರಿ. ಬಾಸ್ಟನ್‌ನ ನಾರ್ತ್‌ಈಸ್ಟರ್ನ್‌ನಲ್ಲಿ ಎರಡು ವರ್ಷ. 1996ರಲ್ಲಿ ಒಮಾಹಾದ ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಇನ್ನೂ ತಂಡವೇ ಇರಲಿಲ್ಲ, ಮೊದಲ ಪಂದ್ಯ ಆಡಿದ್ದು ಮರುವರ್ಷ. ಆರು ವರ್ಷ ಅಲ್ಲಿದ್ದು, ಆಮೇಲೆ ಅಮೆರಿಕದ ಕಿರಿಯರ ರಾಷ್ಟ್ರೀಯ ತರಬೇತಿ ಕೇಂದ್ರ, 2004ರಲ್ಲಿ ತಾವು ಓದಿದ ಕಾಲೇಜಿಗೇ ವಾಪಸ್.

ಸರಿ, ಸಹಾಯಕ ಕೋಚ್ ಕೆಲಸ ಅಂದ್ರೆ ಏನು? ಪಂದ್ಯದ ದಿನ ಕಾಣಿಸೋದು ಬಹಳ ಕಮ್ಮಿ. ಒಬ್ಬ ಆಟಗಾರ ಮಂಜಿನ ಮೇಲೆ ಒಂದು ಸರದಿಗೆ ಇರೋದು ಸುಮಾರು 45 ಸೆಕೆಂಡು. ಆಟ ನಿಲ್ಲಲ್ಲ, ನಡೀತಿರುವಾಗಲೇ ಜನ ಬದಲಾಗ್ತಾರೆ. ಹಲವು ತಂಡಗಳಲ್ಲಿ ರಕ್ಷಣಾ ಜೋಡಿಗಳನ್ನ ಕಳಿಸೋದು ಒಬ್ಬ ಸಹಾಯಕ, ಮುಂಚೂಣಿಯವರನ್ನ ಇನ್ನೊಬ್ಬರು. ಎದುರಾಳಿಯೊಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತಾಗ ಹೇಗೆ ದಾಳಿ ಮಾಡಬೇಕು, ನಮ್ಮವನೇ ಕೂತಾಗ ಹೇಗೆ ತಡೀಬೇಕು, ಇದಕ್ಕೂ ಸಾಮಾನ್ಯವಾಗಿ ಒಬ್ಬೊಬ್ಬ ಸಹಾಯಕರೇ ಹೊಣೆ.

ನಿಜವಾದ ಕೆಲಸ ಬೇರೆ ಕಡೆ ಇದೆ: ಆಟಗಾರರನ್ನ ಹುಡುಕೋದು. ಕಾಲೇಜು ಪಂದ್ಯಗಳು ಹೆಚ್ಚಾಗಿ ಶುಕ್ರವಾರ, ಶನಿವಾರ. ಉಳಿದ ದಿನ ಸಹಾಯಕ ಕೋಚ್ ಯಾವುದೋ ಸಣ್ಣ ಊರಿನ ರಿಂಕ್‌ನಲ್ಲಿ, ಕೈಯಲ್ಲಿ ಕಾಫಿ ಹಿಡ್ಕೊಂಡು, ಹದಿನಾರು ವರ್ಷದ ಹುಡುಗನ ಸ್ಕೇಟಿಂಗ್ ನೋಡ್ತಿರ್ತಾರೆ. ಅವನು ನಾಲ್ಕು ವರ್ಷ ಆದ್ಮೇಲೆ ಹೇಗಿರ್ತಾನೆ ಅಂತ ಊಹಿಸಬೇಕು. ಅಪ್ಪ ಅಮ್ಮನ ವಿಶ್ವಾಸ ಗಳಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಹುಡುಗ ಬೇರೆ ಕಾಲೇಜಿಗೆ ಹೋಗಬಹುದು.

ಈಗ ಆ ಹುಡುಕಾಟದ ನಕ್ಷೆಯೇ ಬದಲಾಗಿದೆ. ಕೆನಡಾದ ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದವರನ್ನ ವೃತ್ತಿಪರರು ಅಂತ ಪರಿಗಣಿಸಿ ಅಮೆರಿಕದ ಕಾಲೇಜುಗಳು ಸೇರಿಸ್ತಿರಲಿಲ್ಲ. 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಆ ನಿಯಮ ಸಡಿಲಿಸಿತು, 2025ರ ಆಗಸ್ಟ್ 1ರಿಂದ ಜಾರಿ. ಅಂದ್ರೆ ಸಹಾಯಕರು ನೋಡಬೇಕಾದ ರಿಂಕ್‌ಗಳೂ ಹೆಚ್ಚಾದವು, ಪೈಪೋಟಿಯೂ ಹೆಚ್ಚಾಯ್ತು.

ಇಷ್ಟಾದರೂ ಕುರ್ಚಿ ಗಟ್ಟಿಯಲ್ಲ. ಮುಖ್ಯ ಕೋಚ್ ಹೋದರೆ ಹೊಸಬರು ತಮ್ಮವರನ್ನ ಕರ್ಕೊಂಡು ಬರೋದು ರೂಢಿ. ಸಹಾಯಕ ಮನೆ ಖಾಲಿ ಮಾಡಬೇಕು, ಮಕ್ಕಳ ಶಾಲೆ ಬದಲಿಸಬೇಕು. ಸೋಲು ಅವರೊಬ್ಬರದ್ದೇ ಅಲ್ಲದಿದ್ದರೂ ಗಂಟುಮೂಟೆ ಅವರೂ ಕಟ್ಟಬೇಕು.

ಕ್ವಿನ್ ಮುಂದೆ ಏನಾದರು? 2009ರ ಗೆಲುವಿನ ನಂತರ ಕ್ಲೀವ್‌ಲ್ಯಾಂಡ್‌ನ ಎರಡನೇ ಹಂತದ ವೃತ್ತಿಪರ ತಂಡಕ್ಕೆ ಮುಖ್ಯ ಕೋಚ್. ಆಮೇಲೆ ಕೊಲೊರಾಡೊದಲ್ಲಿ ಒಂದು ವರ್ಷ ಸಹಾಯಕ. 2013ರಲ್ಲಿ ಪಾರ್ಕರ್ ನಿವೃತ್ತರಾದಾಗ ಅವರ ಜಾಗಕ್ಕೆ ಕ್ವಿನ್. 2015ರಲ್ಲಿ ತಂಡ ಫೈನಲ್ ತಲುಪಿತು, ಪ್ರಾವಿಡೆನ್ಸ್ ಎದುರು 4-3ರಿಂದ ಸೋತಿತು. 2018ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ಮುಖ್ಯ ಕೋಚ್. ಆಟಗಾರನಾಗಿ ಮುಟ್ಟಲಾಗದ ಎನ್‌ಎಚ್‌ಎಲ್‌ನಲ್ಲೇ. 2021ರಲ್ಲಿ ಆ ಕೆಲಸ ಹೋಯ್ತು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡ, ನಂತರ ಸ್ಯಾನ್ ಹೋಸೆ ಶಾರ್ಕ್ಸ್. 2024ರಲ್ಲಿ ಅದೂ ಹೋಯ್ತು. ಆ ವರ್ಷವೇ ಪಿಟ್ಸ್‌ಬರ್ಗ್‌ನಲ್ಲಿ ಮೈಕ್ ಸಲಿವನ್ ಕೈಕೆಳಗೆ ಸಹಾಯಕ ಕೋಚ್. 2025ರಲ್ಲಿ ಸಲಿವನ್ ಜೊತೆ ರೇಂಜರ್ಸ್‌ಗೆ ವಾಪಸ್. ತಾವು ಮುಖ್ಯ ಕೋಚ್ ಆಗಿದ್ದ ತಂಡಕ್ಕೇ, ಈ ಸಲ ಸಹಾಯಕರಾಗಿ.

ಇದನ್ನ ಹಿಂಬಡ್ತಿ ಅಂತ ಓದಬಹುದು. ಮೊದಲು ನಾನೂ ಹಾಗೇ ಓದಿದ್ದೆ. ಈಗ ಹಾಗನ್ನಿಸಲ್ಲ. ಇಪ್ಪತ್ತು ದಾಟೋ ವಯಸ್ಸಿನಲ್ಲಿ ಆಟವೇ ಕೈತಪ್ಪಿದ ಮನುಷ್ಯನಿಗೆ ಬೇಕಾಗಿದ್ದು ರಿಂಕ್ ಹತ್ತಿರ ಒಂದು ಜಾಗ. ಬೆಂಚಿನ ಹಿಂದೆ ಮೊದಲನೆಯವರಾಗಿ ನಿಂತರೂ ಎರಡನೆಯವರಾಗಿ ನಿಂತರೂ, ಆ ಜಾಗ ಅವರಿಗೆ ಸಿಕ್ಕಿದೆ.

ನಿಮ್ಮ ಶಾಲೆಯಲ್ಲೋ ಕ್ಲಬ್ಬಿನಲ್ಲೋ ಇಂಥ ಎರಡನೇ ಮನುಷ್ಯ ಯಾರಾದ್ರೂ ಇದ್ರಾ? ನೆನಪು ಮಾಡ್ಕೊಳ್ಳಿ, ನಮಗೂ ಬರೆದು ತಿಳಿಸಿ.