ಹೆಂಚಿನ ಮನೆಯ ಬಾಡಿಗೆ ಲೆಕ್ಕ

ದಸರಾ ರಜೆಯಲ್ಲಿ ನಾವು ಒಂಬತ್ತು ಜನ ಶಿವಮೊಗ್ಗದಿಂದ ಹೊರಟು, ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು, ಹೆಬ್ರಿ ಹತ್ತಿರ ಒಂದು ಹಳೆಯ ಹೆಂಚಿನ ಮನೆಯನ್ನು ಎರಡು ರಾತ್ರಿಗೆ ಬಾಡಿಗೆ ಹಿಡಿದೆವು. ನಾನಿಮಾಗೆ ಬೆಟ್ಟವನ್ನೂ ಮಲ್ಪೆ ಕಡಲನ್ನೂ ನೋಡುವ ಆಸೆ. ಮಂಡಿನೋವಿನಿಂದ ಲಾಡ್ಜಿನ ಮೆಟ್ಟಿಲು ಹತ್ತಲಾರರು.

ಹೋಟೆಲಿನಲ್ಲಿ ಬಾಡಿಗೆ ಕೋಣೆಗೆ. ಇಲ್ಲಿ ಇಡೀ ಮನೆಗೆ. ದಿನಕ್ಕೆ 4,500 ರೂಪಾಯಿ ಎಂದಾಗ ಅಬ್ಬಾ ಬೆಚ್ಚಿದರು. ತಲೆಗೆ 500 ಎಂದು ಭಾಗಿಸಿ ತೋರಿಸಿದೆ. ಕಾಮರ್ಸ್ ಓದಿದ್ದಕ್ಕೆ ಮನೆಯಲ್ಲಿ ಮೊದಲ ಸಲ ಬೆಲೆ ಬಂತು! ಬಿಲ್ಲಿನಲ್ಲಿ ಜಿಎಸ್‌ಟಿ ಇರಲಿಲ್ಲ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ.

ಮುಖ್ಯವಾದದ್ದು ಅಡ್ವಾನ್ಸ್. ಹೋದ ಮಳೆಗಾಲದಲ್ಲಿ ಬೇರೊಂದು ಮನೆ ಅಗ್ಗಕ್ಕೆ ಸಿಕ್ಕಿತ್ತು. ಮಳೆಗಾಲದಲ್ಲಿ ಜನ ಕಡಿಮೆ, ಬಾಡಿಗೆಯೂ ಕಡಿಮೆ. ಆದರೆ ಗುಡ್ಡ ಕುಸಿದು ದಾರಿ ಬಂದ್ ಆಯಿತು, 2,000 ರೂಪಾಯಿ ವಾಪಸ್ ಬರಲಿಲ್ಲ. "ಫೋನಿನಲ್ಲೇ ಹೇಳಿದ್ದೆವಲ್ಲ" ಎಂದರು. ಹೇಳಿದ್ದರೋ ಇಲ್ಲವೋ, ನಮ್ಮ ಬಳಿ ಏನೂ ಬರಹದಲ್ಲಿರಲಿಲ್ಲ. ಅದಕ್ಕೇ ಈ ಸಲ ತಾರೀಖು, ಮೊತ್ತ, ರಸ್ತೆ ಮುಚ್ಚಿದರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬುದನ್ನು ವಾಟ್ಸಾಪಿನಲ್ಲಿ ಬರೆಸಿಕೊಂಡೇ ಹಣ ಕಳಿಸಿದೆವು.

ಅಮ್ಮಿ ಅಡುಗೆಮನೆಯ ಬಗ್ಗೆ ಕೇಳಿದರು. ಮನೆಯವರು ಸಸ್ಯಾಹಾರಿಗಳು, ಒಳಗೆ ಮೀನು ಬೇಡವೆಂದರು. ಹಿತ್ತಲಲ್ಲಿ ಒಲೆ ಇದೆ, ಅಲ್ಲಿ ಮಾಡಿಕೊಳ್ಳಿ ಎಂದರು. ಮೊದಲೇ ಕೇಳಿದ್ದರಿಂದ ಯಾರಿಗೂ ಮುಜುಗರವಾಗಲಿಲ್ಲ. ಮಲ್ಪೆಯ ಬಂಗುಡೆ ಹಿತ್ತಲಲ್ಲೇ ಹುರಿದೆವು.

ನಾನಿಮಾ ಕಡಲಲ್ಲಿ ಕಾಲು ನೆನೆಸಿದ್ದು ಐದೇ ನಿಮಿಷ. ಉಳಿದ ಹೊತ್ತೆಲ್ಲ ಜಗಲಿಯಲ್ಲಿ ಕೂತು ಬೆಟ್ಟ ನೋಡಿದರು.

ಹಾಸಿಗೆ ಎಷ್ಟಿವೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಏಳೇ ಇದ್ದವು. ನಾನೂ ಮಾಮೂನ ಮಗನೂ ಚಾಪೆಯ ಮೇಲೆ ಮಲಗಿದೆವು.