ಅಂಗಳದಲ್ಲಿ ಹರಿಯುವ ಕೃಷಿವಿದ್ಯೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕಾಸರಗೋಡಿನ ಅಡಿಕೆ ಬೆಳೆಗಾರರ ಬಾಯಲ್ಲಿ ಒಂದೇ ಪ್ರಶ್ನೆ: "ನಿಮ್ಮಲ್ಲಿ ಮದ್ದು ಬಿಟ್ಟಾಯಿತೇ?" ಮದುವೆಯ ಚಪ್ಪರದಲ್ಲಾಗಲಿ, ಬಸ್ಸು ಕಾಯುವ ಕಟ್ಟೆಯ ಮೇಲಾಗಲಿ, ಕುಶಲ ವಿಚಾರಿಸಿದಷ್ಟೇ ಸಹಜವಾಗಿ ಈ ಪ್ರಶ್ನೆ ಹೊರಡುತ್ತದೆ. ಅದಕ್ಕೆ ದೊರೆಯುವ ಉತ್ತರದಲ್ಲಿ ಸುಣ್ಣ ಎಲ್ಲಿಂದ ತಂದದ್ದು, ಮರ ಏರುವವರು ಯಾರು, ಎರಡನೆಯ ಸಲ ಎಂದು ಸಿಂಪಡಿಸಬೇಕು ಎಂಬ ವಿವರಗಳೆಲ್ಲ ಅಡಕವಾಗಿರುತ್ತವೆ. ಪಠ್ಯಪುಸ್ತಕವಿಲ್ಲದ, ಪರೀಕ್ಷೆಯಿಲ್ಲದ ಪಾಠಶಾಲೆಯಿದು. ಮೂವತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ನಾನು ಈ ಶಾಲೆಯಲ್ಲಿ ಇನ್ನೂ ವಿದ್ಯಾರ್ಥಿಯೇ.

ಇಲ್ಲಿ ಮದ್ದು ಎಂದರೆ ಬೋರ್ಡೋ ದ್ರಾವಣ. ಇದರ ಚರಿತ್ರೆಯೇ ನಮ್ಮ ವಿಷಯಕ್ಕೆ ಒಳ್ಳೆಯ ದೃಷ್ಟಾಂತ. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ಬೆಳೆಗಾರರು ದಾರಿಹೋಕರ ಕಳ್ಳತನವನ್ನು ತಡೆಯಲು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಬೆರೆಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲದಿರುವುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು. ಇಪ್ಪತ್ತೈದು ವರ್ಷಗಳ ತರುವಾಯ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ನರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಇದೇ ದ್ರಾವಣವನ್ನು ಮಲೆನಾಡಿಗೆ ಪರಿಚಯಿಸಿದರು. ಅಲ್ಲಿಯವರೆಗೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೇ ರೂಢಿಯಾಗಿತ್ತು. ರೈತನ ರೂಢಿಯನ್ನು ಕಂಡು ವಿಜ್ಞಾನಿ ಕಲಿತ. ವಿಜ್ಞಾನಿಯಿಂದ ಮತ್ತೆ ರೈತ ಕಲಿತ. ಮುಂದಿನದೆಲ್ಲ ತೋಟದಿಂದ ತೋಟಕ್ಕೆ ಬಾಯಿಮಾತಿನಲ್ಲೇ ಹಬ್ಬಿತು.

ಆದರೆ ಈ ಬಾಯಿಮಾತಿನ ಹೊಳೆ ಎಲ್ಲ ಅಂಗಳಗಳಲ್ಲೂ ಸಮನಾಗಿ ಹರಿಯುವುದಿಲ್ಲ. ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಪುಸ್ತಕದಲ್ಲಿ ಬರೆದಂತೆಯೇ ಒಂದು ಕಿಲೋ ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಮತ್ತೊಂದು ಐವತ್ತು ಲೀಟರ್ ನೀರಿನಲ್ಲಿ ಕರಗಿಸಿ, ಬೆರೆಸಿ, ತೋಟಕ್ಕೆಲ್ಲ ಸಿಂಪಡಿಸಿದೆ. ವಾರದೊಳಗೆ ಎಳೆಗಾಯಿಗಳ ಮೇಲೆ ಸುಟ್ಟ ಕಲೆಗಳು ಮೂಡಿದವು. ಜುಲೈ ತಿಂಗಳಲ್ಲಿ ಉಳಿದವಕ್ಕೂ ಕೊಳೆ ಹತ್ತಿ ಮರದ ಬುಡವೆಲ್ಲ ಉದುರಿದ ಕಾಯಿಗಳಿಂದ ತುಂಬಿತು. ಆ ವರ್ಷ ಅರ್ಧಕ್ಕಿಂತ ಹೆಚ್ಚು ಫಸಲು ಮಣ್ಣುಪಾಲಾಯಿತು.

ಅಂದು ದ್ರಾವಣವನ್ನು ಕಲಕಿದ್ದು ನಮ್ಮಲ್ಲಿ ಬಹುಕಾಲದಿಂದ ದುಡಿಯುತ್ತಿದ್ದ ಹಿರಿಯ ಕೂಲಿಕಾರ. ಉದುರಿದ ಕಾಯಿಗಳನ್ನು ಒಟ್ಟುಗೂಡಿಸುವಾಗ ಆತ ಮೆಲ್ಲನೆ ಹೇಳಿದ: "ಮಾಷ್ಟ್ರೇ, ಸುಣ್ಣ ಹಳತು. ಮದ್ದಿಗೆ ಆಕಾಶದ ಬಣ್ಣ ಬರಬೇಕಿತ್ತು, ಹಸಿರು ಬಂದಿತ್ತು." ಆಗಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. "ನೀವು ಕೇಳಲಿಲ್ಲವಲ್ಲ" ಎಂದ.

ಗಾಳಿಗೆ ತೆರೆದಿಟ್ಟ ಸುಣ್ಣ ಸತ್ವ ಕಳೆದುಕೊಳ್ಳುತ್ತದೆ. ಆಗ ಮೈಲುತುತ್ತಿನ ಉಗ್ರತೆ ಶಮನವಾಗದೆ ಕಾಯಿಯನ್ನು ಸುಡುತ್ತದೆ, ಮದ್ದು ಕಾಯಿಗೆ ಅಂಟಿ ನಿಲ್ಲುವುದೂ ಇಲ್ಲ. ಚೊಕ್ಕಟವಾದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿದರೆ ಸಾಕು. ಅದರ ಮೇಲೆ ತಾಮ್ರದ ಕೆಂಪು ಲೇಪ ಕಂಡುಬಂದರೆ, ಲೇಪ ಮೂಡುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಬೇಕು. ಈ ಪರೀಕ್ಷೆ ಪುಸ್ತಕದಲ್ಲಿಯೂ ಇತ್ತು. ಅವಸರದಲ್ಲಿ ನಾನು ಬಿಟ್ಟಿದ್ದೆ. ಬಣ್ಣ ನೋಡಿ ತಿಳಿಯುವ ವಿದ್ಯೆ ಮಾತ್ರ ಆ ಕೂಲಿಕಾರನ ಕಣ್ಣಿನಲ್ಲಿತ್ತು. ಜಗಲಿಯ ಮೇಲೆ ಕುಳಿತು ಮಾತನಾಡುವ ನಾವು, ಅಂಗಳದಲ್ಲಿ ನಿಂತವನನ್ನು ಎಂದೂ ಕೇಳಿರಲಿಲ್ಲ. ಬೀಜ ಆರಿಸುವ, ಹಟ್ಟಿಗೊಬ್ಬರದ ಹದ ಬಲ್ಲ ನಮ್ಮ ಮನೆಯ ಹೆಂಗಸರನ್ನು ಕೇಳುವವರಾದರೂ ಎಷ್ಟು ಮಂದಿ?

ಕೇಳುವವರೂ ಹೇಳುವವರೂ ಕೂಡಿದರೆ ಏನಾಗಬಹುದೆಂಬುದಕ್ಕೆ ನಿದರ್ಶನಗಳು ನಮ್ಮಲ್ಲೇ ಇವೆ. ನಮ್ಮ ಜಿಲ್ಲೆಯವರೇ ಆದ ಶ್ರೀ ಪಡ್ರೆಯವರ ಸಾರಥ್ಯದ "ಅಡಿಕೆ ಪತ್ರಿಕೆ" 1988ರಲ್ಲಿ ಗಡಿಯಾಚೆಯ ಪುತ್ತೂರಿನಲ್ಲಿ ಆರಂಭವಾಗಿ, ರೈತನ ಕೈಗೇ ಲೇಖನಿಯನ್ನು ಕೊಟ್ಟಿತು. ರಾಜ್ಯದ ಗಡಿ ಆ ಕನ್ನಡದ ಮಾತುಕತೆಗೆ ಅಡ್ಡಬರಲಿಲ್ಲ. ನಮ್ಮ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಮಿಕ್ಕಿದ ಭತ್ತದ ತಳಿಗಳನ್ನು ಉಳಿಸಿ, ಬೇಕೆಂದವರಿಗೆ ಬೀಜ ಹಂಚಿ, 2024ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಹಂಚಿದ ಬೀಜ ಹತ್ತು ಗದ್ದೆಗಳಲ್ಲಿ ಉಳಿಯುತ್ತದೆ. ಒಬ್ಬನ ಗದ್ದೆಯಲ್ಲಿ ನಷ್ಟವಾದರೂ ಮತ್ತೊಬ್ಬನಲ್ಲಿ ದೊರೆಯುತ್ತದೆ. ವಿದ್ಯೆಯ ಮಾತೂ ಹಾಗೆಯೇ.

ಇಂದು ಕೈಯಲ್ಲಿರುವ ಫೋನಿನಲ್ಲೇ ರೈತರ ಗುಂಪುಗಳಿವೆ. ರೋಗ ಹತ್ತಿದ ಗೊನೆಯ ಚಿತ್ರ ಕ್ಷಣದಲ್ಲಿ ನೂರು ಮನೆಗಳನ್ನು ತಲಪುತ್ತದೆ. ಸಂತೋಷವೇ. ಆದರೆ ಅಲ್ಲಿಯೂ ಭಾರೀ ಗೊನೆಗಳ ಚಿತ್ರಗಳೇ ಹೆಚ್ಚು, ಸೋಲಿನ ಸುದ್ದಿ ಕಡಿಮೆ. ನನ್ನ ಸುಣ್ಣದ ಕಥೆಯನ್ನು ಒಂದು ಮದುವೆಯ ಊಟದಲ್ಲಿ ಸಂಕೋಚದಿಂದಲೇ ಹೇಳಿದಾಗ, ಪಂಕ್ತಿಯಲ್ಲಿದ್ದ ಮೂವರು ತಮಗೂ ಹಾಗೆಯೇ ಆಗಿತ್ತೆಂದು ಒಪ್ಪಿದರು. ಮೊದಲೇ ಒಬ್ಬರು ಬಾಯಿ ತೆರೆದಿದ್ದರೆ ಉಳಿದವರ ಫಸಲು ಉಳಿಯುತ್ತಿತ್ತು.

ಆದುದರಿಂದ ಓದುಗ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಗೆದ್ದುದನ್ನು ಹೇಳುವಂತೆ ಸೋತುದನ್ನೂ ಹೇಳೋಣ, ಜಗಲಿಯವರನ್ನು ಕೇಳುವಂತೆ ಅಂಗಳದವರನ್ನೂ ಕೇಳೋಣ. ಆ ಹಿರಿಯ ಕೂಲಿಕಾರ ಈಗ ದುಡಿಯಲಾರ. ಆದರೂ ಪ್ರತಿವರ್ಷ ಮದ್ದು ಬಿಡುವ ದಿನ ಅವನನ್ನು ಕರೆತಂದು ಜಗಲಿಯಲ್ಲಿ ಕುಳ್ಳಿರಿಸುತ್ತೇನೆ. ಅವನು ಡ್ರಮ್ಮಿನೊಳಗೆ ಇಣುಕಿ, ಬಣ್ಣ ನೋಡಿ ತಲೆದೂಗಿದ ಮೇಲೆಯೇ ನಮ್ಮ ತೋಟದಲ್ಲಿ ಮದ್ದು ಮರವೇರುತ್ತದೆ.