ಸಾಂಕ್ರಾಮಿಕದ ದಿನಗಳಲ್ಲಿ ಬೀದಿ ಮಾರುಕಟ್ಟೆ: ಹೋಗಬಹುದೇ, ಬೇಡವೇ?

ಮನೆಯಲ್ಲಿ ಕಿಮೊಥೆರಪಿ ಅಥವಾ ಡಯಾಲಿಸಿಸ್ ಪಡೆಯುತ್ತಿರುವವರು, ಇಲ್ಲವೇ ವಯಸ್ಸಾದ ಹಿರಿಯರು ಇದ್ದಾರೆ. ಊರಿನಲ್ಲಿ ಕೋವಿಡ್‌ನಂಥ ಉಸಿರಾಟದ ಸೋಂಕು ಹರಡುತ್ತಿದೆ. ಆದರೆ ತರಕಾರಿ ತರಲೇಬೇಕು. ರಸ್ತೆ ಬದಿಯ ಮಾರುಕಟ್ಟೆಗೆ ಹೋಗುವುದೋ, ಎ.ಸಿ. ಅಂಗಡಿಗೆ ಹೋಗುವುದೋ? ಸಾಮಾನ್ಯವಾಗಿ ಬಯಲೇ ಉತ್ತಮ. ಆದರೆ ಅಲ್ಲಿ ಜನದಟ್ಟಣೆ ಇದ್ದರೆ ಆ ಲಾಭ ಕಡಿಮೆಯಾಗುತ್ತದೆ.

ಬಯಲು ಏಕೆ ಉತ್ತಮ?

ಊದುಬತ್ತಿಯ ಹೊಗೆಯನ್ನು ನೆನಪಿಸಿಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡು ಉಳಿಯುತ್ತದೆ. ತಾರಸಿಯ ಮೇಲೆ ಕ್ಷಣದಲ್ಲೇ ಚದುರಿಹೋಗುತ್ತದೆ. ಸೋಂಕಿತರು ಉಸಿರಾಡಿದಾಗ, ಮಾತನಾಡಿದಾಗ, ಕೆಮ್ಮಿದಾಗ ಹೊರಬರುವ ಸೂಕ್ಷ್ಮ ಕಣಗಳೂ ಹೀಗೆಯೇ. ಕೋವಿಡ್ ಕುರಿತ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಒಂದು ವರದಿಯ ಪ್ರಕಾರ, ಆ ಅಧ್ಯಯನಗಳಲ್ಲಿ ದಾಖಲಾದ ಸೋಂಕುಗಳಲ್ಲಿ ಹೊರಾಂಗಣದಲ್ಲಿ ತಗುಲಿದ್ದು ಶೇ 10ಕ್ಕಿಂತ ಕಡಿಮೆ.

ಆದರೆ ತಾರಸಿಯಲ್ಲೂ ಊದುಬತ್ತಿಯ ಪಕ್ಕದಲ್ಲೇ ನಿಂತರೆ ಹೊಗೆ ಮೂಗಿಗೆ ಬಡಿಯುತ್ತದೆ, ಅಲ್ಲವೇ?

ಕೊಯಂಬೇಡಿನ ಪಾಠ

ಚೆನ್ನೈನ ಕೊಯಂಬೇಡು ಸಗಟು ಮಾರುಕಟ್ಟೆಯಲ್ಲಿ 2020ರಲ್ಲಿ ಕಂಡದ್ದು ಇದನ್ನೇ. ಆ ವರ್ಷ ಏಪ್ರಿಲ್ 26ರಿಂದ ನಗರದಲ್ಲಿ ನಾಲ್ಕು ದಿನಗಳ ಸಂಪೂರ್ಣ ಲಾಕ್‌ಡೌನ್ ಎಂದು ಘೋಷಣೆಯಾಯಿತು. ಹಿಂದಿನ ದಿನ ಜನ ತರಕಾರಿಗಾಗಿ ಮುಗಿಬಿದ್ದರು. ಕೆಲವೇ ದಿನಗಳಲ್ಲಿ ಮಾರುಕಟ್ಟೆಯೊಂದಿಗೆ ನಂಟಿದ್ದ ಸೋಂಕುಗಳು ತಮಿಳುನಾಡಿನ ಹಲವು ಜಿಲ್ಲೆಗಳಲ್ಲಿ ಪತ್ತೆಯಾದವು. ಮೇ ತಿಂಗಳ ಮೊದಲ ವಾರ ಮಾರುಕಟ್ಟೆ ಮುಚ್ಚಿತು. ತರಕಾರಿ ವ್ಯಾಪಾರವನ್ನು ನಗರದ ಹೊರವಲಯದ ತಿರುಮಳಿಶೈಗೆ ಸ್ಥಳಾಂತರಿಸಲಾಯಿತು. ಕೊಯಂಬೇಡು ಹಂತ ಹಂತವಾಗಿ ಮತ್ತೆ ತೆರೆದದ್ದು ಸೆಪ್ಟೆಂಬರ್‌ನಲ್ಲಿ.

ಮಾರುಕಟ್ಟೆಯ ಹೆಸರಿಗಿಂತ ಅಲ್ಲಿನ ಸ್ಥಿತಿ ಮುಖ್ಯ. ಇಕ್ಕಟ್ಟಾದ ದಾರಿ, ಒಂದೇ ಹೊತ್ತಿಗೆ ಸೇರುವ ಜನ, ಗಂಟೆಗಟ್ಟಲೆ ಹತ್ತಿರದಲ್ಲೇ ನಿಂತು ಕೂಗಿ ಮಾಡುವ ವ್ಯಾಪಾರ ಅಪಾಯ ತರುತ್ತವೆ. ನಾಲ್ಕು ಕಡೆ ಮುಚ್ಚಿ ಮೇಲೆ ತಗಡು ಹೊದಿಸಿದ ಮಾರುಕಟ್ಟೆಯನ್ನು ಬಯಲು ಎಂದು ಎಣಿಸಬೇಡಿ.

ಹೋಗುವಾಗ

• ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ. ಭಾನುವಾರ ಬೆಳಿಗ್ಗೆ, ಹಬ್ಬದ ಹಿಂದಿನ ದಿನ ಬೇಡ.
• ಬೇಕಾದ ಸಾಮಾನಿನ ಪಟ್ಟಿ ಬರೆದುಕೊಳ್ಳಿ. ಅಲ್ಲಿ ಕಳೆಯುವ ಸಮಯ ಕಡಿಮೆಯಾದಷ್ಟೂ ಒಳ್ಳೆಯದು.
• ಮೂಗು, ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಹಾಕಿ. ಎನ್-95 ಸಿಕ್ಕರೆ ಉತ್ತಮ. ವ್ಯಾಪಾರಿ ಇಡೀ ದಿನ ನೂರಾರು ಜನರ ಎದುರು ಕೂರುತ್ತಾರೆ. ನಿಮ್ಮ ಮಾಸ್ಕ್ ಅವರಿಗೂ ರಕ್ಷೆ.
• ಗುಂಪಿರುವ ಅಂಗಡಿ ಬಿಟ್ಟು ಅಂಚಿನಲ್ಲಿರುವ ತಳ್ಳುಗಾಡಿ ಆರಿಸಿ. ಮನೆ ಬಾಗಿಲಿಗೆ ಗಾಡಿ ಬಂದರೆ ಇನ್ನೂ ಅನುಕೂಲ.
• ನಿಮಗೇ ಜ್ವರ, ಕೆಮ್ಮು ಇದ್ದರೆ ಹೋಗಬೇಡಿ. ನೆರೆಯವರಿಗೆ ಹೇಳಿ ತರಿಸಿಕೊಳ್ಳಿ.

ರೋಗಿಯೇ ಹೋಗಬೇಕಾದ ಸಂದರ್ಭವಿದ್ದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಮೊದಲು ಕೇಳಿ.

ಮನೆಗೆ ಬಂದ ಮೇಲೆ

ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ತರಕಾರಿ, ಹಣ್ಣುಗಳನ್ನು ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸಾಬೂನು, ಡಿಟರ್ಜೆಂಟ್, ಸ್ಯಾನಿಟೈಸರ್ ಹಾಕಬೇಡಿ. ಅವು ಹೊಟ್ಟೆಗೆ ಹೋದರೆ ಬೇರೆಯೇ ತೊಂದರೆ. ಕೋವಿಡ್ ಮುಖ್ಯವಾಗಿ ಹರಡುವುದು ಉಸಿರಿನ ಮೂಲಕ, ತರಕಾರಿಯ ಮೂಲಕವಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಮನೆಯ ರೋಗಿಗೆ ಜ್ವರ, ಗಂಟಲು ನೋವು, ಕೆಮ್ಮು ಶುರುವಾದರೆ ಅಂದೇ ವೈದ್ಯರಿಗೆ ತಿಳಿಸಿ. ಅಪಾಯ ಹೆಚ್ಚಿರುವವರಿಗೆ ನೀಡುವ ಕೋವಿಡ್ ಔಷಧಿಗಳು ಮೊದಲ ದಿನಗಳಲ್ಲೇ ಹೆಚ್ಚು ಉಪಯುಕ್ತ. ಉಸಿರಾಟಕ್ಕೆ ಕಷ್ಟವಾದರೆ, ಎದೆ ಬಿಗಿದಂತಾದರೆ, ಗೊಂದಲದಿಂದ ಮಾತನಾಡಿದರೆ ಅಥವಾ ಆಮ್ಲಜನಕದ ಮಟ್ಟ ಶೇ 94ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಿಗೆ ಈ ಮಟ್ಟ ಬೇರೆ ಇರಬಹುದು. ಅದನ್ನು ವೈದ್ಯರಿಂದ ಮೊದಲೇ ತಿಳಿದುಕೊಂಡಿರಿ.

ಸೊಪ್ಪು, ತರಕಾರಿ, ಹಣ್ಣು ರೋಗಿಯ ಆರೈಕೆಯ ಭಾಗವೇ. ಹೆದರಿ ಅವುಗಳನ್ನು ಬಿಡಬೇಡಿ. ಹೊತ್ತು ನೋಡಿ, ಜಾಗ ನೋಡಿ, ಮಾಸ್ಕ್ ಹಾಕಿ ಹೋಗಿ ಬನ್ನಿ.